ದಾರ್ಯಾಗ ಏನೇನ್ ಬರ್ತಾವು

ಸಿರುಗುಪ್ಪ ಹತ್ತಿರ ಬಂತೆಂದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಬತ್ತ ಬೇಯಿಸುವ ಮಿಲ್ಲುಗಳ ವಾಸನೆ ಅದು. ಒದ್ದೆ ಹೊಟ್ಟು, ಹಬೆ, ತಳ ಹಿಡಿದ ಅನ್ನ ಎಲ್ಲ ಸೇರಿದ ಹಾಗೆ. ಹೋದ ತಿಂಗಳು ಉಮಾಳ ಅತ್ತೆ ತೀರಿಕೊಂಡ ಸುದ್ದಿ ಬಂದು, ನಾನು ಬಳ್ಳಾರಿಯಿಂದ ಬಾಡಿಗೆ ಕಾರು ಮಾಡಿಕೊಂಡು ಹೊರಟಿದ್ದೆ. ತೆಕ್ಕಲಕೋಟೆ ದಾಟಿದ ಮೇಲೆ ಡ್ರೈವರ್ ಏಸಿ ಆರಿಸಿ ಗ್ಲಾಸು ಇಳಿಸಿದ. ಆ ವಾಸನೆ ಒಳಗೆ ಬಂತು. ಅದರ ಜೊತೆಗೆ ಬರಬೇಕಾದ ಡೀಸೆಲ್ ವಾಸನೆ ಬರಲಿಲ್ಲ. ನನ್ನ ಮಟ್ಟಿಗೆ ಅವೆರಡೂ ಜೋಡಿ. ನಾಲ್ಕು ವರ್ಷದ ಹಿಂದೆ, ದಸರೆಯಿಂದ ಸಂಕ್ರಾಂತಿಯವರೆಗೆ, ನಾನು ವಾರಕ್ಕೆರಡು ಸಂಜೆ ಈ ಊರಿನ ಹೊರಗೆ, ತುಂಗಭದ್ರೆಯ ಮೇಲೆ ಒಂದು ಬೋಟಿನಲ್ಲಿ ಕೂತು ಜಾಝ್ ನುಡಿಸುತ್ತಿದ್ದೆ. ಹೀಗೆ ಹೇಳಿದರೆ ಜನ ನನ್ನ ವಯಸ್ಸು ನೋಡಿ, ಪಾಪ, ಎಂಬಂತೆ ತಲೆಯಾಡಿಸುತ್ತಾರೆ. ಆದರೆ ನಡೆದದ್ದು ಹಾಗೆಯೇ.

ಉಮಾ ನನ್ನ ಸ್ಟೂಡೆಂಟ್. ನಾನು ಓದಿದ ಕಾನ್ವೆಂಟಿನಲ್ಲೇ ಮುಂದೆ ಮೂವತ್ತು ವರ್ಷ ಮ್ಯೂಸಿಕ್ ಟೀಚರ್ ಆಗಿದ್ದೆ. ಪಿಯಾನೋ ಕಲಿಯಲು ಬಂದ ನೂರಾರು ಹುಡುಗಿಯರಲ್ಲಿ ಮದುವೆಯಾದ ಮೇಲೂ ನುಡಿಸುವುದನ್ನು ಬಿಡದವಳು ಇವಳೊಬ್ಬಳೇ. ಕೊಟ್ಟದ್ದು ಸಿರುಗುಪ್ಪದ ಹತ್ತಿರ, ಆಂಧ್ರದಿಂದ ಬಂದು ನೆಲೆಸಿದ ರೈತರ ಒಂದು ಕ್ಯಾಂಪಿಗೆ, ತೆಲುಗು ಮಾತಾಡುವ ರೈಸ್ ಮಿಲ್ಲಿನ ಮನೆಗೆ. ಗಂಡನ ಜೊತೆ ಎಲ್ಲೋ ಹೊರದೇಶಕ್ಕೆ ಟೂರ್ ಹೋದವಳು, ಅಲ್ಲಿ ಸಂಜೆ ಹೊತ್ತು ನದಿಯ ಮೇಲೆ ಊಟ, ಪಕ್ಕದಲ್ಲಿ ಲೈವ್ ಬ್ಯಾಂಡ್, ಇದನ್ನೆಲ್ಲ ನೋಡಿ ಬಂದಳು. ನಮ್ಮಲ್ಲೂ ನದಿ ಇದೆಯಲ್ಲ ಅನ್ನಿಸಿತಂತೆ. ಊರಿನ ಹೊರಗೆ ಹಳೆಯ ಅಣೆಕಟ್ಟಿನ ಹಿಂದೆ ಮಳೆಗಾಲ ಮುಗಿದ ಮೇಲೂ ಕೆಲವು ತಿಂಗಳು ನೀರು ತುಂಬಿ ನಿಲ್ಲುತ್ತದೆ. ಅಲ್ಲಿ ಬೋಟು ಓಡಿಸುತ್ತೇನೆ ಎಂದಳು.

ಮಿಲ್ಲಿನಲ್ಲಿ ಮಾತು ನಡೆಯುತ್ತಿದ್ದುದು ಅತ್ತೆ ನಾಗರತ್ನಮ್ಮನದು. ಬತ್ತದ ಕಾಳನ್ನು ಹಲ್ಲಿನಿಂದ ಕಡಿದು ಅದರಲ್ಲೆಷ್ಟು ಹಸಿ ಇದೆ ಎಂದು ಹೇಳುತ್ತಿದ್ದ ಹೆಂಗಸು. ಬೋಟಿನ ವಿಷಯ ಅವರ ಮುಂದೆ ಇಟ್ಟಾಗ ನಾನೂ ಅಲ್ಲೇ ಇದ್ದೆ.

"ನೀರಾಗ ಕುಂತು ಅನ್ನ ತಿನ್ನಾಕ ಜನ ಬರ್ತಾರೇನೇ ಅಮ್ಮಾಯಿ?" ಎಂದರು.

"ಮ್ಯೂಸಿಕ್ ಇರ್ತತಿ ಅತ್ತಮ್ಮ."

"ನಾಗರ ಹಾವಿಗೂ ಮ್ಯೂಸಿಕ್ ಇರ್ತತಿ. ಯಾರು ಊಟಕ್ಕ ಹೋಗ್ತಾರ?" ಆಮೇಲೆ, "ಸರೆ. ಸಂಕ್ರಾಂತಿತನಕ ಟೈಮ್ ಕೊಟ್ಟೀನಿ. ತನ್ನ ಕಾಲ ಮ್ಯಾಲೆ ತಾನು ನಿಂತ್ರ ಇಟ್ಕೋ. ಇಲ್ಲಾಂದ್ರ ಮಾರಿಬಿಡೋದು. ಅಳಾಂಗಿಲ್ಲ, ಮುನಿಸ್ಕೊಳ್ಳಾಂಗಿಲ್ಲ," ಎಂದರು.

ಉಮಾ ಒಪ್ಪಿದಳು. ಅವತ್ತೇ ನನ್ನ ಕೈ ಹಿಡಿದು, "ಮಿಸ್, ನೀವೇ ನುಡಿಸ್ಬೇಕು," ಎಂದಳು. ನನಗೆ ಆಗ ಎಪ್ಪತ್ತು ದಾಟಿತ್ತು. ಯಜಮಾನರು ಹೋಗಿ ಎರಡು ವರ್ಷ. ಪಾರ್ವತಿನಗರದ ಮನೆಯಲ್ಲಿ ಪಿಯಾನೋ ಮೇಲೆ ಔಷಧಿ ಡಬ್ಬಿಗಳನ್ನು ಜೋಡಿಸಿಟ್ಟಿದ್ದೆ. ಆ ದಿನ ಮನೆಗೆ ಬಂದು ಡಬ್ಬಿಗಳನ್ನು ಕಿಟಕಿ ಕಟ್ಟೆಗೆ ಸಾಗಿಸಿದೆ.

ಜಾಝ್ ನನಗೆಲ್ಲಿಂದ ಎಂದು ಕೇಳುವವರಿಗೆ ಒಂದು ಮಾತು. ನನ್ನ ಬಾಲ್ಯದ ಪಿಯಾನೋ ಟೀಚರ್ ಮಿಸ್ ಡೋರಾ ರೈಲ್ವೆ ಗಾರ್ಡ್ ಒಬ್ಬರ ಮಗಳು. ಸಿಸ್ಟರ್‌ಗಳು ಇದ್ದಾಗ ಹಿಮ್ಸ್ ಕಲಿಸುತ್ತಿದ್ದರು. ಸಿಸ್ಟರ್‌ಗಳು ಸಂಜೆ ಚಾಪೆಲ್ಲಿಗೆ ಹೋದ ಕೂಡಲೇ ಮಿಸ್ ಡೋರಾ ಬಾಗಿಲು ಮುಂದೆ ಮಾಡಿ ಬೇರೆಯದನ್ನು ನುಡಿಸುತ್ತಿದ್ದರು. "ಎಡಗೈಯನ್ನು ಹೆದರಿಸಬೇಡ, ಅದರ ಪಾಡಿಗೆ ವಾಕಿಂಗ್ ಹೋಗಲಿ," ಎನ್ನುತ್ತಿದ್ದರು. ಆ ಎಡಗೈ ಅಷ್ಟು ವರ್ಷ ನನ್ನ ಮಡಿಲಲ್ಲಿ ಸುಮ್ಮನೆ ಕೂತಿತ್ತು.

ಉಳಿದಿಬ್ಬರನ್ನು ಹುಡುಕಿದ್ದು ನಾನೇ. ಕೌಲ್ ಬಜಾರಿನ ಖಾಜಾ ಮಾಸ್ಟರ್ ಮದುವೆ ಬ್ಯಾಂಡಿನ ಕ್ಲಾರಿನೆಟ್. ಬಳ್ಳಾರಿಯಲ್ಲಿ ನಲವತ್ತು ವರ್ಷದಲ್ಲಿ ಕುದುರೆ ಹತ್ತಿದ ಮದುಮಕ್ಕಳಲ್ಲಿ ಅರ್ಧದಷ್ಟು ಜನ ಅವರ ಬೆನ್ನು ನೋಡಿಕೊಂಡೇ ಹೋದವರು. ನಾನು ಜಾಝ್ ಎಂದು ವಿವರಿಸಲು ಹೊರಟೆ. ಅವರು ತಡೆದರು. "ಗೊತ್ತಾತ್ರಿ ಮೇಡಂ. ಹಳೇ ಪಿಚ್ಚರ್‌ನಾಗ ಕ್ಲಬ್ಬಿನ ಸೀನ್ ಬಂದಾಗ ಬರ್ತತಲ್ಲ, ಅದು. ಅದನ್ನ ನಾವು ಹುಡುಗಿ ಮನಿ ಹತ್ರ ಬಂದಾಗ ಬಾರಿಸ್ತೀವಿ." ಇನ್ನೊಬ್ಬ ಕುರುಗೋಡಿನ ಯಲ್ಲಪ್ಪ. ಹಗಲು ಪಂಪ್‌ಸೆಟ್ಟಿನ ಮೋಟರ್ ರಿವೈಂಡಿಂಗ್, ರಾತ್ರಿ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್. ಅವರಪ್ಪ ಹಲಗೆ ಬಾರಿಸುವುದರಲ್ಲಿ ಸುತ್ತ ಊರಿಗೆಲ್ಲ ಹೆಸರಾದವರು. ಜಾಝಿಗೆ ಡ್ರಮ್ಮಿನ ಮೇಲೆ ಬ್ರಶ್ ಬೇಕು, ಮೆತ್ತಗೆ ಸವರಬೇಕು ಎಂದೆ. ಮರುವಾರ ಅವನು ಈಚಲ ಕಸಬರಿಗೆಯ ಕಡ್ಡಿ ಆರಿಸಿ, ಮೋಟರಿನ ತಾಮ್ರದ ತಂತಿಯಿಂದ ಕಟ್ಟಿಕೊಂಡು ಬಂದ. ಸದ್ದು ಎಷ್ಟು ಚೆನ್ನಾಗಿತ್ತೆಂದರೆ ನಮ್ಮ ಕೆಲಸದವಳು ಒಳಗಿಂದ ಬಂದು, ಯಾರು ಗುಡಿಸ್ತಿದ್ದಾರೆ ಎಂದು ನೋಡಿ ಹೋದಳು.

ಪ್ರಾಕ್ಟೀಸ್ ನಮ್ಮ ಹಾಲ್‌ನಲ್ಲಿ. ಮೊದಲ ದಿನವೇ ತೊಂದರೆ ಶುರುವಾಯಿತು. ಖಾಜಾ ಮಾಸ್ಟರಿಗೆ ಕುರ್ಚಿ ಹಾಕಿದೆ. ಕೂತರು, ಊದಿದರು, ಉಸಿರು ನಿಲ್ಲಲಿಲ್ಲ. ತಾಳ ಓಡಿತು. ಮತ್ತೆ ಊದಿದರು, ಮತ್ತೆ ಹಾಗೆಯೇ. ಕೊನೆಗೆ ಎದ್ದು ನಿಂತು, "ಕುಂತು ಊದಾಕ ಬರಂಗಿಲ್ರಿ ಮೇಡಂ. ಕಾಲು ನಡದ್ರನ ಉಸುರು ಬರ್ತತಿ," ಎಂದು ಸೋಫಾದಿಂದ ದೇವರ ಮನೆಯ ಬಾಗಿಲವರೆಗೆ ನಡೆಯುತ್ತ ಊದತೊಡಗಿದರು. ತಾಳ ತಾನಾಗಿ ಕೂತಿತು. ನನ್ನ ಎಡಗೈಯೂ ಅವರ ಹೆಜ್ಜೆ ನೋಡಿಕೊಂಡು ನಡೆಯಿತು.

"ಮಾಸ್ಟ್ರೆ, ನೀವು ನಿದ್ದ್ಯಾಗೂ ನಡೀತೀರೇನ್ರಿ?" ಎಂದ ಯಲ್ಲಪ್ಪ.

"ನಿಮ್ಮ ಚಾಚೀನ ಕೇಳಲೇ. ರಾತ್ರಿಯೆಲ್ಲ ಬಾಗಲಕ್ಕ ಚಿಲಕ ಹಾಕ್ಕೊಂಡು ಮಲಗ್ತಾಳ."

ಇನ್ನೊಂದು ವ್ಯತ್ಯಾಸ ಕರೆಂಟು ಹೋದಾಗ ತಿಳಿಯಿತು. ಕತ್ತಲಲ್ಲಿ ನಿಲ್ಲಿಸಿದೆವು. ಕರೆಂಟು ಬಂದ ಮೇಲೆ ನಾನು ಶುರುವಿನಿಂದ ಹಿಡಿದೆ. ನಮಗೆ ಕಾನ್ವೆಂಟಿನಲ್ಲಿ ಕಲಿಸಿದ್ದು ಹಾಗೆ, ತಪ್ಪಿದರೆ ಮತ್ತೆ ಬಾರ್ ಒನ್. ಅವರಿಬ್ಬರೂ ನಿಲ್ಲಿಸಿದ ಜಾಗದಿಂದಲೇ ಮುಂದುವರಿದಿದ್ದರು. "ಮೆರವಣಿಗಿ ಹಿಂದಕ್ಕ ಹೋಗಂಗಿಲ್ರಿ ಮೇಡಂ. ಎಲ್ಲಿ ಬಿಟ್ಟಿರ್ತೀವಿ, ಅಲ್ಲಿಂದನ ಹಿಡಿಯೋದು," ಎಂದರು ಮಾಸ್ಟರ್. ನನಗೆ ಅದು ಕೊನೆಯವರೆಗೂ ಪೂರ್ತಿ ಬರಲಿಲ್ಲ.

ಬೋಟು ಇಳಿಸುವ ಹಿಂದಿನ ದಿನ ಎಲ್ಲರೂ ನದಿಯ ದಂಡೆಯಲ್ಲಿ ಸೇರಿದ್ದೆವು. ಅಗಲ ತಳದ ಬೋಟು, ಮೇಲೆ ಶೀಟು, ಸುತ್ತ ಕಬ್ಬಿಣದ ಕಟಾಂಜನ. ಹಿಂದೆ ಇಂಜಿನ್ ಹತ್ತಿರ ಅಂಬಿಗರ ಈರಣ್ಣ. ಖಾಜಾ ಮಾಸ್ಟರ್ ಅದರ ಉದ್ದವನ್ನು ನಡೆದು ನೋಡಿದರು. ಸಾಕು ಎಂದರು. ಆಮೇಲೆ ಉಮಾಳನ್ನು ಕೇಳಿದರು: "ದಾರ್ಯಾಗ ಏನೇನ್ ಬರ್ತಾವ್ರಿ?"

ಉಮಾಳಿಗೆ ಅರ್ಥವಾಗಲಿಲ್ಲ.

"ಮಸೂತಿ, ಗುಡಿ, ದವಾಖಾನಿ, ಸಾವಿನ ಮನಿ. ಬ್ಯಾಂಡು ಹೊರಡೋಕ ಮುಂಚೆ ಕೇಳ್ಕೋಬೇಕಲ್ರಿ. ಎಲ್ಲೆಲ್ಲಿ ನಿಂದ್ರಸ್ಬೇಕು ಅಂತ."

"ಮಾಸ್ಟರ್, ಇದು ಹೊಳಿ," ಎಂದು ನಕ್ಕಳು ಉಮಾ. "ದಾರ್ಯಾಗ ಮೀನು ಬರ್ತಾವ್ರಿ."

ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಈರಣ್ಣನ ಕಡೆ ತಿರುಗಿ ಏನೋ ಕೇಳಿದರು. ಈರಣ್ಣ ದೂರದಲ್ಲಿ ನದಿಯ ತಿರುವಿನ ಕಡೆ ಕೈ ತೋರಿಸಿ ಏನೋ ಹೇಳಿದ. ಸಂಜೆ ನಮಾಜಿನ ಕರೆ ಮುಗಿದ ಮೇಲೆಯೇ ಮ್ಯೂಸಿಕ್ ಶುರುವಾಗಬೇಕು ಎಂಬುದೊಂದನ್ನು ಮಾತ್ರ ಉಮಾ ಒಪ್ಪಿಕೊಂಡಳು.

ಆ ಅಕ್ಟೋಬರ್, ನವೆಂಬರ್ ಹೇಗೆ ಹೋದವೋ. ಮಧ್ಯಾಹ್ನ ಕಾರು ಪಾರ್ವತಿನಗರದಿಂದ ಹೊರಟು ಕೌಲ್ ಬಜಾರಿನಲ್ಲಿ ಮಾಸ್ಟರನ್ನು ಹತ್ತಿಸಿಕೊಂಡು, ಕುರುಗೋಡಿನ ಮೇಲೆ ಬಳಸಿ ಯಲ್ಲಪ್ಪನನ್ನು ಕರೆದುಕೊಂಡು ಸಿರುಗುಪ್ಪ ಸೇರುತ್ತಿತ್ತು. ರಸ್ತೆಯ ಎರಡೂ ಕಡೆ ಬತ್ತ ಹಳದಿಗೆ ತಿರುಗುತ್ತಿತ್ತು. ಒಂದು ವಾರ ಹಸಿರು ಮಿಶ್ರ, ಮರುವಾರ ಇಲ್ಲ, ಅದರ ಮರುವಾರ ಕೊಯ್ಲಿನ ಮಷಿನ್‌ಗಳು. ನದಿಗೆ ಬರುವಷ್ಟರಲ್ಲಿ ಬಿಸಿಲು ಇಳಿದಿರುತ್ತಿತ್ತು. ಬೋಟಿನಲ್ಲಿ ಎಂಟು ಟೇಬಲ್. ಉಮಾಳ ಅಡುಗೆ: ಮೊದಲು ಮಂಡಕ್ಕಿ ಒಗ್ಗರಣೆ, ಮಿರ್ಚಿ. ಆಮೇಲೆ ತಮ್ಮ ಮಿಲ್ಲಿನ ಅಕ್ಕಿಯ ಪಲಾವ್, ರೊಟ್ಟಿ, ಎಣ್ಣೆಗಾಯಿ, ನಾನು ಹೇಳಿಕೊಟ್ಟ ಕಟ್ಲೆಟ್. ಜನ ಬರುತ್ತಿದ್ದರು. ಡಾಕ್ಟರ್‌ಗಳು, ಬ್ಯಾಂಕಿನವರು, ವಿವಾಹ ವಾರ್ಷಿಕೋತ್ಸವದವರು. ಕೆಲವರು ಮ್ಯೂಸಿಕ್ ಕೇಳುತ್ತಿದ್ದರು, ಹೆಚ್ಚಿನವರು ಮಿರ್ಚಿ ಕೇಳುತ್ತಿದ್ದರು. ಟೇಬಲ್‌ಗಳ ನಡುವೆ ಕ್ಲಾರಿನೆಟ್ ಹಿಡಿದು ಹೋಗಿ ಬರುವ ಮಾಸ್ಟರನ್ನು ಮಾತ್ರ ಎಲ್ಲರೂ ಫೋನಿನಲ್ಲಿ ಹಿಡಿಯುತ್ತಿದ್ದರು. ಅವರು ತುದಿಗೆ ಹೋಗಿ ತಿರುಗುವಾಗ ಸ್ವರವೂ ತಿರುಗುತ್ತಿತ್ತು, ನೀರಿನ ಮೇಲೆ ಸ್ವಲ್ಪ ದೂರ ಹೋಗಿ ವಾಪಸ್ಸು ಬಂದ ಹಾಗೆ.

ಆದರೂ ಬೋಟು ತನ್ನ ಕಾಲ ಮೇಲೆ ನಿಂತಿರಲಿಲ್ಲ. ಶನಿವಾರ ತುಂಬಿದರೆ ಬುಧವಾರ ಅರ್ಧ ಖಾಲಿ. ಡಿಸೆಂಬರಿನಲ್ಲಿ ಬಳ್ಳಾರಿಯ ಜೀನ್ಸ್ ಯೂನಿಟ್ ಒಂದರ ಮಾಲೀಕರು ಫೋನ್ ಮಾಡಿದರು. ಊರ ಹೊರಗಿಂದ ಬರುವ ಬಯರ್‌ಗಳನ್ನು ಕರೆದುಕೊಂಡು ಹೋಗಲು ಬಳ್ಳಾರಿಯಲ್ಲಿ ಜಾಗವೇ ಇಲ್ಲ, ಒಂದು ಸಂಜೆ ನೋಡುತ್ತೇವೆ, ಹಿಡಿಸಿದರೆ ನೀರು ಇರುವವರೆಗೆ ಪ್ರತಿ ಬುಧವಾರ ಇಡೀ ಬೋಟು ನಮಗೇ ಎಂದರು. ಅದೊಂದು ಆದರೆ ಸಾಕು ಎಂದು ನಾಗರತ್ನಮ್ಮನೂ ಒಪ್ಪಿದರು. ಅವತ್ತು ತಾವೇ ಬರುತ್ತೇನೆ ಎಂದರು. ಸ್ವೆಟರ್ ಹಾಕಿ, ಕಿವಿಗೆ ಮಫ್ಲರ್ ಸುತ್ತಿಕೊಂಡು, ಇಂಜಿನ್ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಕಟಾಂಜನವನ್ನು ಒಂದು ಕೈಯಿಂದ ಬಿಡದೇ ಹಿಡಿದಿದ್ದರು.

ಆ ಸಂಜೆ ಎಲ್ಲ ಚೆನ್ನಾಗಿ ನಡೆಯಿತು. ಬಯರ್‌ಗಳಲ್ಲಿ ಒಬ್ಬರಿಗೆ ಈ ಸಂಗೀತದ ಪರಿಚಯವಿತ್ತು. ಹೆಂಡತಿಯನ್ನು ಎಬ್ಬಿಸಿ, ಟೇಬಲ್ ಸರಿಸಿ ಡ್ಯಾನ್ಸ್ ಶುರುಮಾಡಿದರು. ಮಾಲೀಕರೂ ನಾಚುತ್ತ ಎದ್ದರು. ಉಮಾ ಅಡುಗೆ ಕಡೆಯ ಪರದೆಯ ಸಂದಿಯಿಂದ ನನಗೆ ಕಣ್ಣಲ್ಲೇ ಹೇಳಿದಳು: ಆಯ್ತು ಮಿಸ್.

ಬೋಟು ತಿರುವಿಗೆ ಬಂತು. ಆಗಲೇ ಕ್ಲಾರಿನೆಟ್ ನಿಂತಿತು.

ಸಾಲಿನ ನಡುವೆ, ಅರ್ಧ ಉಸಿರಿಗೆ. ನಾನು ಮಾಸ್ಟರ್ ಎಡವಿದರೇನೋ ಎಂದುಕೊಂಡೆ. ನೋಡಿದರೆ ಅವರು ಕ್ಲಾರಿನೆಟ್ಟನ್ನು ತಲೆಕೆಳಗು ಮಾಡಿ ಕಂಕುಳಲ್ಲಿ ಇಟ್ಟುಕೊಂಡು ದಂಡೆಯ ಕಡೆ ಮುಖ ಮಾಡಿ ನಿಂತಿದ್ದರು. ಯಲ್ಲಪ್ಪನ ಕಡ್ಡಿಗಳೂ ಅದೇ ಗಳಿಗೆಗೆ ನಿಂತಿದ್ದವು. ಯಾರೂ ಯಾರಿಗೂ ಸನ್ನೆ ಮಾಡಿರಲಿಲ್ಲ. ದಂಡೆಯ ಮೇಲೆ ಒಂದು ಚಿತೆ ಉರಿಯುತ್ತಿತ್ತು. ಆವರೆಗಿನ ನಮ್ಮ ಯಾವ ಸಂಜೆಯೂ ಅಲ್ಲಿ ಬೆಂಕಿ ಇರಲಿಲ್ಲ. ಹೊತ್ತು ಮುಳುಗುವ ಮೊದಲೇ ಬೆಂಕಿ ಇಟ್ಟಿರಬೇಕು. ಸುತ್ತ ಹತ್ತಾರು ಜನ ಕುಕ್ಕರಗಾಲಲ್ಲಿ ಕೂತಿದ್ದರು. ನಾವು ಅವರಿಗೆ ತೀರ ಹತ್ತಿರವಿದ್ದೆವು. ನೀರಿನ ಆಳ ಅಲ್ಲಿ ದಂಡೆಯ ಕಡೆಗೇ ಇತ್ತು.

ಪಿಯಾನೋ ಬದಲು ಬೋಟಿನಲ್ಲಿ ಇಟ್ಟುಕೊಂಡಿದ್ದ ನನ್ನ ಕೀಬೋರ್ಡ್ ಒಂದೇ ನಡೆಯುತ್ತಿತ್ತು. ಉಮಾ ಪರದೆ ಸರಿಸಿ ಹೊರಗೆ ಬಂದು, ಕೈಯಾಡಿಸಿ, ನಿಲ್ಲಿಸಬೇಡಿ ಮಿಸ್ ಎಂದು ಸದ್ದಿಲ್ಲದೆ ತುಟಿಯಲ್ಲೇ ಹೇಳಿದಳು. ಡ್ಯಾನ್ಸ್ ಮಾಡುತ್ತಿದ್ದವರು ಕಾಲು ಎತ್ತಿದ ಹಾಗೆಯೇ ನನ್ನ ಕಡೆ ನೋಡಿದರು. ಸಿಸ್ಟರ್ ಗಂಟೆ ಬಾರಿಸುವವರೆಗೆ ನಿಲ್ಲಿಸಬಾರದು ಎಂಬುದು ನನ್ನ ಬೆರಳುಗಳಿಗೆ ಎಂಟನೇ ವಯಸ್ಸಿನಿಂದ ಗೊತ್ತು. ನುಡಿಸಿದೆ. ಕೀಬೋರ್ಡಿನ ಸ್ಪೀಕರ್ ಸದ್ದು ನೀರಿನ ಮೇಲೆ ನೇರ ದಂಡೆಗೆ ಹೋಯಿತು. ಕೂತವರಲ್ಲಿ ಒಬ್ಬ ತಿರುಗಿ ನೋಡಿದ. ಕೋಪವೇನೂ ಇರಲಿಲ್ಲ, ಸುಮ್ಮನೆ ನೋಡಿದ, ಮನೆಯೊಳಗೆ ಯಾರೋ ಚಪ್ಪಲಿ ಹಾಕಿಕೊಂಡು ಬಂದರೆ ನೋಡುವ ಹಾಗೆ. ನಾನು ಕೈ ಎತ್ತಿದೆ.

"ವಾಟ್ ಹ್ಯಾಪನ್ಡ್? ಬ್ರೇಕ್ ಏನ್ರಿ?" ಎಂದರು ಮಾಲೀಕರು.

ಅವರೂ ದಂಡೆಯ ಕಡೆ ನೋಡಿದರು. ಅವರ ಹೆಂಡತಿ ಸೆರಗು ಮೂಗಿಗೆ ಹಿಡಿದು ಕುರ್ಚಿಯನ್ನು ಆ ಕಡೆಗೆ ಬೆನ್ನು ಮಾಡಿ ತಿರುಗಿಸಿಕೊಂಡರು. ಇಂಜಿನ್ ಒಂದೇ ಬಡಿದುಕೊಳ್ಳುತ್ತಿತ್ತು. "ಈ ಇಂಜನ್ ಒಂದು," ಎಂದರು ಮಾಸ್ಟರ್ ಮೆಲ್ಲಗೆ, ತಮ್ಮಷ್ಟಕ್ಕೆ.

ತಿರುವು ದಾಟಿತು. ಬೆಂಕಿ ಮರೆಯಾದ ಮೇಲೆ ಯಲ್ಲಪ್ಪ ಒಂದು ಪೆಟ್ಟು ಹಾಕಿದ. ಮಾಸ್ಟರ್ ಬಿಟ್ಟ ಉಸಿರಿನ ಉಳಿದರ್ಧವನ್ನು ಅಲ್ಲಿಂದಲೇ ಹಿಡಿದರು. ನಾನು ಯಥಾಪ್ರಕಾರ ಬಾರ್ ಒನ್‌ಗೆ ಹೋಗಿ, ತಡವರಿಸಿ, ಓಡಿ ಅವರನ್ನು ಸೇರಿಕೊಂಡೆ. ಡ್ಯಾನ್ಸಿಗೆ ಯಾರೂ ಏಳಲಿಲ್ಲ. ಪಲಾವನ್ನು ಬೇಗ ಬೇಗ ಉಂಡರು.

ಬೋಟು ದಂಡೆಗೆ ಹತ್ತಿ, ಕಾರುಗಳು ಹೋದ ಮೇಲೆ ಉಮಾ ಮಾಸ್ಟರ ಎದುರು ನಿಂತಳು. ಅವಳು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

"ಎರಡು ನಿಮಿಷ ನುಡಿಸಿದ್ರ ಏನಾಗ್ತಿತ್ರಿ? ಊಟಕ್ಕ ಬಂದೋರು ಆ ಕಡೆ ನೋಡ್ತಾನೂ ಇರ್ಲಿಲ್ಲ. ನೀವು ನಿಂತಿದ್ದಕ್ಕ ನೋಡಿದ್ರು."

"ನೋಡ್ಲಿ ಅಂತ ನಿಲ್ಲಿಸ್ಲಿಲ್ಲಮ್ಮ. ನಿಲ್ಲಿಸೋದು ನಿಲ್ಲಿಸಿದಿವಿ."

"ಇದು ನಿಮ್ಮ ಮೆರವಣಿಗಿ ಅಲ್ರಿ ಮಾಸ್ಟರ್. ನನ್ನ ಬೋಟು."

ಮಾಸ್ಟರ್ ಕ್ಲಾರಿನೆಟ್ಟನ್ನು ಬಿಚ್ಚಿ, ಒಂದೊಂದು ತುಂಡನ್ನೂ ಬಟ್ಟೆಯಿಂದ ಒರೆಸಿ ಪೆಟ್ಟಿಗೆಗೆ ಹಾಕುತ್ತ, "ಅದಕ್ಕ ಮೊದ್ಲ ಕೇಳಿದ್ನಲ್ಲಮ್ಮ, ದಾರ್ಯಾಗ ಏನೇನ್ ಬರ್ತಾವು ಅಂತ," ಎಂದರು.

ನಾಗರತ್ನಮ್ಮ ಕುರ್ಚಿಯಿಂದ ಎದ್ದು ಮಫ್ಲರ್ ಬಿಚ್ಚಿದರು. "ಆಯಪ್ಪನ ಮ್ಯಾಲೆ ಯಾಕ ಕೂಗ್ತೀಯೇ ಉಮಾ? ಅಲ್ಲಿ ಕುಂತೋರೆಲ್ಲ ನಮ್ಮ ಮಿಲ್ಲಿಗೆ ಬತ್ತ ಹಾಕೋರು. ಇವತ್ತು ಅವರ ಮುಂದ ಕುಣಕೊಂಡು ಹೋಗಿ, ನಾಳಿ ಯಾವ ಮಕ ಇಟ್ಕೊಂಡು ಚೀಲ ಇಳಿಸ್ಕೋತೀಯ?" ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ, "ಆದ್ರ ಮಾತು ಮಾತೇ. ಸಂಕ್ರಾಂತಿ ಅಂದ್ರ ಸಂಕ್ರಾಂತಿ," ಎಂದರು.

ಜೀನ್ಸ್ ಯೂನಿಟ್ಟಿನವರು ಮತ್ತೆ ಫೋನ್ ಮಾಡಲಿಲ್ಲ. ಸೊಳ್ಳೆ ಜಾಸ್ತಿ ಎಂದು ಯಾರ ಹತ್ತಿರವೋ ಹೇಳಿದರಂತೆ. ಅದೂ ನಿಜವೇ ಇರಬಹುದು. ಜನವರಿಗೆ ನೀರು ಇಳಿಯತೊಡಗಿತು. ಕೊನೆಯ ಸಂಜೆ ಮೂರೇ ಟೇಬಲ್. ಮಾಸ್ಟರ್ ಎಂದಿನಂತೆ ನಡೆದರು, ಯಲ್ಲಪ್ಪ ಸವರಿದ, ನಾನು ನುಡಿಸಿದೆ. ಉಮಾ ಅಡುಗೆಯ ಕಡೆಯಿಂದ ಹೊರಗೆ ಬರಲೇ ಇಲ್ಲ. ಹಬ್ಬದ ಮರುದಿನ ನಾಗರತ್ನಮ್ಮ ಬೋಟನ್ನು ಈರಣ್ಣನಿಗೇ ಕೊಟ್ಟರು, ಜನರನ್ನು ನದಿ ದಾಟಿಸಿ ದುಡಿದ ಹಾಗೆ ಅದರ ದುಡ್ಡು ತೀರಿಸು ಎಂದು. ಉಮಾ ಮಾತು ಕೊಟ್ಟ ಹಾಗೆ ಅಳಲಿಲ್ಲ. ಅತ್ತೆಯ ಮೇಲೆ ಮುನಿಸಿಕೊಳ್ಳಲೂ ಇಲ್ಲ. ಆ ಮುನಿಸೆಲ್ಲ ಮಾಸ್ಟರ ಪಾಲಿಗೆ ಹೋಯಿತು. ನನಗೆ ಹಬ್ಬಕ್ಕೆ ಫೋನ್ ಮಾಡುವಳು, ಕಾಲು ನೋವು ಕೇಳುವಳು. ಕೌಲ್ ಬಜಾರಿನ ಮಾತು ಬಂದರೆ ಬೇರೆ ಮಾತು ತೆಗೆಯುವಳು. ನಾಲ್ಕು ವರ್ಷ ಹಾಗೆಯೇ ಹೋಯಿತು.

ನನ್ನ ಪಿಯಾನೋ ಮೇಲೆ ಔಷಧಿ ಡಬ್ಬಿಗಳು ವಾಪಸ್ಸು ಬರಲಿಲ್ಲ. ಅಷ್ಟು ಮಾತ್ರ ಉಳಿಸಿಕೊಂಡೆ.

ಹೋದ ತಿಂಗಳು ನಾನು ತಲುಪುವಷ್ಟರಲ್ಲಿ ನಾಗರತ್ನಮ್ಮನನ್ನು ನದಿಯ ಕಡೆ ತಂದಾಗಿತ್ತು. ಗಂಡಸರು ಕೆಳಗೆ ಇಳಿದರು. ನಾವು ಹೆಂಗಸರು ಒಡ್ಡಿನ ಮೇಲೆ ನಿಂತೆವು. ಅದೇ ತಿರುವು. ಆ ಜಾಗವನ್ನು ನಾನು ದಂಡೆಯ ಕಡೆಯಿಂದ ನೋಡಿದ್ದು ಅದೇ ಮೊದಲು. ಉಮಾ ನನ್ನ ಪಕ್ಕದಲ್ಲಿದ್ದಳು, ಸೆರಗು ತಲೆಯ ಮೇಲೆ ಎಳೆದುಕೊಂಡು. ಬೆಂಕಿ ಹತ್ತಿಕೊಂಡಿತು.

ಆಗ ದೂರದಿಂದ ಹಾಡು ಕೇಳಿಸಿತು. ಯಾವುದೋ ಹೊಸ ಪಿಕ್ಚರಿನದು, ದೊಡ್ಡ ಸ್ಪೀಕರಿನಲ್ಲಿ. ಆಚೆ ದಂಡೆಯಿಂದ ಸಂತೆ ಮುಗಿಸಿದ ಜನರನ್ನು ತುಂಬಿಕೊಂಡು ಬೋಟೊಂದು ಬರುತ್ತಿತ್ತು. ಶೀಟು ಬದಲಾಗಿತ್ತು, ಟೇಬಲ್ ಇದ್ದ ಕಡೆ ಎರಡು ಬೈಕು, ಒಂದು ಆಡು ನಿಂತಿದ್ದವು. ಆದರೂ ಆ ಕಟಾಂಜನ ನನಗೆ ಗುರುತು ಸಿಕ್ಕಿತು. ಉಮಾಳಿಗೂ ಸಿಕ್ಕಿತು. ಅವಳ ಬೆರಳು ನನ್ನ ಮುಂಗೈ ಹಿಡಿಯಿತು.

ತಿರುವಿಗೆ ಬರುತ್ತಲೇ ಹಾಡು ನಿಂತಿತು. ಸಾಲಿನ ನಡುವೆ. ಅದರ ಹಿಂದೆಯೇ ಇಂಜಿನ್ ಕೂಡ ನಿಂತಿತು. ಈರಣ್ಣ ಎದ್ದು ನಿಂತು ಗಳದಿಂದ ತಳ ಒತ್ತುತ್ತ ಬೋಟನ್ನು ಸದ್ದಿಲ್ಲದೆ ನಮ್ಮ ಮುಂದೆ ದಾಟಿಸಿದ. ಬೋಟಿನಲ್ಲಿದ್ದ ಒಂದಿಬ್ಬರು ತಲೆಯ ಟವೆಲ್ ತೆಗೆದರು. ಆಡು ಒಮ್ಮೆ ಅರಚಿತು, ಯಾರೋ ಅದರ ಬಾಯಿ ಹಿಡಿದರು. ನೀರು ಬೋಟಿಗೆ ಬಡಿಯುವ ಸದ್ದು ಒಡ್ಡಿನವರೆಗೆ ಕೇಳಿಸುತ್ತಿತ್ತು. ಅವನಿಗೆ ಸತ್ತವರು ಯಾರೆಂದು ಗೊತ್ತಿತ್ತೋ ಇಲ್ಲವೋ. ಗೊತ್ತಿರಲೇಬೇಕೆಂದೇನೂ ಇಲ್ಲ.

ತಿರುವು ದಾಟಿದ ಮೇಲೆ ಇಂಜಿನ್ ಹತ್ತಿಕೊಂಡಿತು. ಹಾಡು ಬಿಟ್ಟಲ್ಲಿಂದಲೇ ಮುಂದುವರಿಯಿತು.

ಉಮಾ ಬಹಳ ಹೊತ್ತು ಆ ಕಡೆಯೇ ನೋಡುತ್ತ ನಿಂತಿದ್ದಳು. ಆಮೇಲೆ ಕೇಳಿದಳು: "ಮಿಸ್, ಮಾಸ್ಟರ್ ಹೆಂಗದಾರ್ರಿ?"

"ಚೆನ್ನಾಗಿದ್ದಾರೆ. ಮುಂದಿನ ಹಲ್ಲು ಹೋಗಿವೆ. ಊದಕ್ಕೆ ಆಗಲ್ಲ. ಬ್ಯಾಂಡಿನ ಮುಂದೆ ಬರೀ ನಡೀತಾರೆ."

"ನಂಬರ್ ಅದೇ ಐತೇನ್ರಿ?"

ನಾನು ಫೋನ್ ಹಚ್ಚಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಕಿವಿಗೆ ಹಿಡಿದು ಹೆಂಗಸರ ಗುಂಪಿನಿಂದ ಈಚೆಗೆ ಬಂದಳು. "ಮಾಸ್ಟರ್, ನಾನ್ರಿ, ಸಿರುಗುಪ್ಪದ ಉಮಾ," ಎಂದದ್ದು ಕೇಳಿಸಿತು. ಮುಂದಿನದು ಕೇಳಿಸಲಿಲ್ಲ. ಅವಳು ಒಡ್ಡಿನ ಮೇಲೆ ಒಂದು ಬೇವಿನ ಮರದವರೆಗೆ ಹೋಗಿ, ತಿರುಗಿ, ಕಾರಿನವರೆಗೆ ಬಂದು, ಮತ್ತೆ ತಿರುಗಿ, ನಡೆಯುತ್ತ ಮಾತಾಡುತ್ತಿದ್ದಳು.